ಹೆಸರು ಕೇಳದ ಜಾಗಗಳಿಗೆ ಎಂಟು ಅಂಚೆಚೀಟಿ: ಮುಂಬೈ, ಪುಣೆ, ಗೋವಾ ಕನ್ನಡಿಗರ ಚರ್ಚೆ

ಡೊಂಬಿವಲಿಯ ಚಿತ್ರಕಾರ

ಎಲ್ಲರಿಗೂ ನಮಸ್ಕಾರ. ಮುಂಬೈಯ ಪ್ರಧಾನ ಅಂಚೆ ಕಚೇರಿಯ ಗುಮ್ಮಟದ ಕೆಳಗೆ ಸರದಿಯಲ್ಲಿ ನಿಂತಾಗಲೆಲ್ಲ ನನಗೆ ವಿಜಯಪುರ ನೆನಪಾಗುತ್ತದೆ. 1913ರಲ್ಲಿ ಪೂರ್ಣಗೊಂಡ ಆ ಕಟ್ಟಡಕ್ಕೆ ವಾಸ್ತುಶಿಲ್ಪಿ ಜಾನ್ ಬೆಗ್ ಗೋಲಗುಮ್ಮಟವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರಿಂದ, ಊರು ಬಿಟ್ಟು ಬಂದ ನನ್ನಂಥವನಿಗೆ ಆ ನೆರಳು ಪರಕೀಯವೆನಿಸುವುದಿಲ್ಲ. ಗೋಲಗುಮ್ಮಟಕ್ಕೂ ಅಂಚೆಗೂ ಇನ್ನೊಂದು ನಂಟಿದೆ: 1949ರ ಆಗಸ್ಟ್ 15ರಂದು ಹೊರಬಂದ ಪುರಾತತ್ವ ಮಾಲಿಕೆಯಲ್ಲಿ ಆರು ಆಣೆಯ ಚೀಟಿಯ ಮೇಲೆ ಇದ್ದದ್ದು ಗೋಲಗುಮ್ಮಟವೇ. ಅದೇ ಮಾಲಿಕೆಯಲ್ಲಿ ನಮ್ಮ ಮುಂಬೈ ಸಮುದ್ರದ ಆಚೆಯ ಘಾರಾಪುರಿಯ (ಎಲಿಫೆಂಟಾ) ತ್ರಿಮೂರ್ತಿಗೆ ಒಂಬತ್ತು ಪೈಯ ಚೀಟಿ ಸಿಕ್ಕಿತು. ತಾಜಮಹಲು, ಕುತುಬ್ ಮಿನಾರು, ಸಾಂಚಿ, ಕೊನಾರ್ಕಗಳಿಗೂ ಸ್ಥಾನ ಸಿಕ್ಕಿತು.

ಹೆಸರಾಂತ ಜಾಗಗಳಿಗೆ ಅಂದೇ ಸಲ್ಲಬೇಕಾದ ಗೌರವ ಸಂದಿದೆ. ನನ್ನ ಪ್ರಸ್ತಾಪ ಉಳಿದವುಗಳ ಬಗ್ಗೆ. ಮುಂಬೈ, ಪುಣೆ, ಗೋವಾಗಳಲ್ಲಿ ಬಾಳುತ್ತಿರುವ ನಾವು ಕನ್ನಡಿಗರು ಸೇರಿ, ಪ್ರವಾಸಿಗಳ ಬಸ್ಸು ನಿಲ್ಲದ ಎಂಟು ಜಾಗಗಳನ್ನು ಆರಿಸಿ, ಫೋಟೋ ಬಳಸದೆ ಕೈಯಿಂದಲೇ ಚಿತ್ರಿಸಿದ ಒಂದು ಚೀಟಿ ಮಾಲಿಕೆಯನ್ನು ಸಿದ್ಧಪಡಿಸಬೇಕೆಂಬುದು ನನ್ನ ಆಸೆ. ಮಹಾರಾಷ್ಟ್ರ ಅಂಚೆ ವೃತ್ತದೊಳಗೆ ಗೋವಾ ಕೂಡ ಸೇರಿರುವುದರಿಂದ, ನಮ್ಮ ಮೂರು ಊರುಗಳೂ ಅಂಚೆಯ ಲೆಕ್ಕದಲ್ಲಿ ಒಂದೇ ಮನೆಯವು.

ನನ್ನ ಮೊದಲ ಪಟ್ಟಿ ಹೀಗಿದೆ: ಅಂಧೇರಿಯ ಗಿಲ್ಬರ್ಟ್ ಗುಡ್ಡ, ಅಂಬರನಾಥದ ಶಿವಾಲಯ, ಕಾನ್ಹೇರಿಯ ರಾಷ್ಟ್ರಕೂಟರ ಕಾಲದ ಶಾಸನ, ಪುಣೆಯ ಪಾತಾಳೇಶ್ವರ, ಜುನ್ನರದ ಬಳಿಯ ನಾಣೇಘಾಟ್, ಗೋವಾದ ತಾಂಬ್ಡಿ ಸುರ್ಲಾ, ಉಸ್ಗಾಳಿಮಳದ ಬಂಡೆಗೀರುಗಳು ಮತ್ತು ನೀರಿನಡಿ ಇರುವ ಕುರ್ಡಿ ಗ್ರಾಮ. ಪಟ್ಟಿ ತಿದ್ದಲೆಂದೇ ಇಲ್ಲಿ ಹಾಕಿದ್ದೇನೆ; ದಯವಿಟ್ಟು ನಿಷ್ಠುರವಾಗಿ ಹೇಳಿ. ಆದರೆ ಒಂದು ಜಾಗವನ್ನು ಸೂಚಿಸುವವರು ಅಲ್ಲಿಗೆ ಹೋಗಿ ನಿಂತು ಕಂಡದ್ದನ್ನು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಕೇಳಿದ ಮಾತಿನ ಮೇಲೆ ಚಿತ್ರ ಬರೆಯಲಾಗುವುದಿಲ್ಲ.

ಠಾಣೆಯ ನಿವೃತ್ತ ಅಂಚೆ ನೌಕರ

ಪ್ರಸ್ತಾಪ ಓದಿ ಬಹಳ ಸಂತೋಷವಾಯಿತು. ನಾನು ಕೌಂಟರಿನ ಆಚೆ ಬದಿಯಲ್ಲಿ ಬದುಕು ಸವೆಸಿದವನಾದ್ದರಿಂದ, ಉತ್ಸಾಹ ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ಮಾರಕ ಅಂಚೆಚೀಟಿಗೆ ಯಾರು ಬೇಕಾದರೂ ಪ್ರಸ್ತಾವ ಕಳುಹಿಸಬಹುದು. ಅದನ್ನು ಇಲಾಖೆಯ ಫಿಲಾಟೆಲಿ (ಅಂಚೆಚೀಟಿ) ಸಲಹಾ ಸಮಿತಿ ಪರಿಶೀಲಿಸುತ್ತದೆ. ವಿಷಯಕ್ಕೆ ರಾಷ್ಟ್ರಮಟ್ಟದ ಮಹತ್ವ ಇರಬೇಕೆಂಬುದು ಅಲ್ಲಿನ ಮೊದಲ ಅಳತೆಗೋಲು. ಕಾಯಬೇಕಾಗುತ್ತದೆ, ಕಾದರೂ ಆಗದಿರಬಹುದು. ಇದಕ್ಕಿಂತ ಹತ್ತಿರದ ಹಾದಿಗಳು ಎರಡಿವೆ. ಒಂದು, 2011ರಲ್ಲಿ ಆರಂಭವಾದ ಮೈ ಸ್ಟಾಂಪ್. ಅದರಲ್ಲಿ ಹನ್ನೆರಡು ಚೀಟಿಗಳ ಹಾಳೆ ಸಿಗುತ್ತದೆ, ಆದರೆ ನಿಮ್ಮ ಚಿತ್ರ ಇಲಾಖೆಯ ಚೀಟಿಯ ಪಕ್ಕದ ಖಾಲಿ ಭಾಗದಲ್ಲಿ ಬರುತ್ತದೆಯೇ ಹೊರತು ಚೀಟಿಯೇ ನಿಮ್ಮದಾಗುವುದಿಲ್ಲ. ಇನ್ನೊಂದು, ವಿಶೇಷ ಲಕೋಟೆ. ಅದಕ್ಕೆ ವೃತ್ತದ ಮಟ್ಟದಲ್ಲೇ ಒಪ್ಪಿಗೆ ದೊರೆಯುತ್ತದೆ, ಆ ದಿನಕ್ಕೆಂದೇ ಕೆತ್ತಿದ ವಿಶೇಷ ಠಸ್ಸೆಯೂ ಜೊತೆಗಿರುತ್ತದೆ, ಲಕೋಟೆಯನ್ನು ಮುದ್ರಿಸಿ ಕೊಡುವ ಹೊಣೆ ಸಾಮಾನ್ಯವಾಗಿ ಪ್ರಾಯೋಜಕರದ್ದು. ನನ್ನ ಸಲಹೆ ಏನೆಂದರೆ, ಚೀಟಿಯ ಅಳತೆಯಲ್ಲೇ ಎಂಟೂ ಚಿತ್ರಗಳನ್ನು ಪೂರ್ತಿ ಮಾಡಿ ದೆಹಲಿಗೆ ಪ್ರಸ್ತಾವ ಕಳುಹಿಸೋಣ. ಉತ್ತರಕ್ಕಾಗಿ ಕೈಕಟ್ಟಿ ಕೂರದೆ ಅವೇ ಚಿತ್ರಗಳಿಂದ ವಿಶೇಷ ಲಕೋಟೆಗಳಿಗೂ ಅರ್ಜಿ ಹಾಕೋಣ.

ಚಿತ್ರಕಾರರು ನೆನಪಿಡಬೇಕಾದ ಸಂಗತಿಯೊಂದಿದೆ. ನಮ್ಮಲ್ಲಿ ರೂಢಿಯಲ್ಲಿರುವ ಸ್ಮಾರಕ ಚೀಟಿಯ ಅಗಲ ಸುಮಾರು 39 ಮಿಲಿಮೀಟರ್, ಎತ್ತರ 29 ಮಿಲಿಮೀಟರ್. ಅದರೊಳಗೆ ದೇಶದ ಹೆಸರು, ಮೌಲ್ಯ, ಇಸವಿ, ಶೀರ್ಷಿಕೆ ಎಲ್ಲವೂ ಕೂರಬೇಕು. ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನಿಯಮದಂತೆ ದೇಶದ ಹೆಸರು ರೋಮನ್ ಅಕ್ಷರಗಳಲ್ಲಿ ಇರಲೇಬೇಕು. ಇದೆಲ್ಲ ಆದ ಮೇಲೆ ಮಸಿಯ ಠಸ್ಸೆ ಬೀಳುತ್ತದೆ. ದಿನಕ್ಕೆ ನೂರಾರು ಲಕೋಟೆಗಳಿಗೆ ಠಸ್ಸೆ ಒತ್ತುವ ಕೈ ಚಿತ್ರವನ್ನು ನೋಡಿ ಒತ್ತುವುದಿಲ್ಲ. ನನ್ನ ಕೈಯ ಅಭ್ಯಾಸಕ್ಕೆ ಅದು ಬಹುಪಾಲು ಚೀಟಿಯ ಎಡಗಡೆಯ ಕೆಳಮೂಲೆಗೇ ಬೀಳುತ್ತಿತ್ತು. ಆ ಮೂಲೆಯಲ್ಲಿ ಮುಖವನ್ನಾಗಲಿ ಅಕ್ಷರವನ್ನಾಗಲಿ ಇಡಬೇಡಿ.

ಅಂಧೇರಿಯ ಗೃಹಿಣಿ

ಗಿಲ್ಬರ್ಟ್ ಗುಡ್ಡ ನಮ್ಮ ಮನೆಯ ಗ್ಯಾಲರಿಯಿಂದ ಅರ್ಧ ಕಾಣುತ್ತದೆ. ಉಳಿದರ್ಧವನ್ನು ಎದುರಿನ ಕಟ್ಟಡ ಮರೆಮಾಡಿದೆ. ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಲಾವಾ ಉಕ್ಕಿದ ಕಾಲದ ಕಪ್ಪು ಕಲ್ಲಿನ ಕಂಬಗಳು ಸುಮಾರು 61 ಮೀಟರ್ ಎತ್ತರಕ್ಕೆ ಸೆಟೆದು ನಿಂತಿವೆ. ಅದನ್ನು ಏಕಶಿಲೆ ಎನ್ನುತ್ತಾರೆ, ಆದರೆ ಹತ್ತಿರ ಹೋಗಿ ನೋಡಿದರೆ ಪೆನ್ಸಿಲುಗಳನ್ನು ಒತ್ತೊತ್ತಾಗಿ ಕಟ್ಟಿ ನಿಲ್ಲಿಸಿದಂತೆ ಮೂಲೆಮೂಲೆಯಾದ ಉದ್ದನೆಯ ಕಂಬಗಳ ಸಾಲೇ ಅದು. ಮೇಲೆ ಗಾವದೇವಿಯ ಗುಡಿಯಿದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಹತ್ತಿಹೋದರೆ ಗುಡಿಯ ಅಂಗಳದಲ್ಲಿ ಗಾಳಿ ಬೀಸುತ್ತದೆ. ಕೆಳಗಿನ ಗಲ್ಲಿಯಲ್ಲಿ ಎಲೆಯೂ ಅಲುಗುವುದಿಲ್ಲ.

ನನ್ನ ಕೋರಿಕೆ ಒಂದೇ. ಚಿತ್ರದಲ್ಲಿ ಸುತ್ತಲಿನ ಕಟ್ಟಡಗಳನ್ನು ಅಳಿಸಬೇಡಿ. ಹಸಿರು ಬಯಲಿನ ನಡುವೆ ಗುಡ್ಡ ಒಂಟಿಯಾಗಿ ನಿಂತಂತೆ ಬರೆದರೆ ಚೆಲುವಾಗಿ ಕಾಣಬಹುದು, ಆದರೆ ಅದು ನಮ್ಮ ಗುಡ್ಡವಾಗುವುದಿಲ್ಲ. ಬಟ್ಟೆ ಒಣಹಾಕಿದ ಬಾಲ್ಕನಿಗಳ ನಡುವಿನ ಸಂದಿಯಲ್ಲಿ ಆ ಕಪ್ಪು ಕಂಬಗಳು ಕಾಣಬೇಕು. ಹತ್ತಿರದಲ್ಲಿ ಕಲ್ಲು ಒಡೆದು ಗುಡ್ಡವನ್ನು ಎಲ್ಲ ಕಡೆಯಿಂದಲೂ ಕಿರಿದು ಮಾಡಿದ ಮೇಲೆ ಉಳಿದದ್ದು ಇಷ್ಟು ಎಂಬುದು ಚಿತ್ರ ನೋಡಿದವರಿಗೆ ತಾನಾಗಿ ತಿಳಿಯಬೇಕು.

ಪುಣೆಯ ವಿಜ್ಞಾನ ಶಿಕ್ಷಕ

ಡೊಂಬಿವಲಿಯವರ ಪಟ್ಟಿಯನ್ನು ಗೌರವದಿಂದಲೇ ಪ್ರಶ್ನಿಸುತ್ತೇನೆ. ಎಂಟರಲ್ಲಿ ಆರು ಜಾಗಗಳು ಪುರಾತನರ ಉಳಿಯ ಕೆಲಸದಿಂದ ಹೆಸರಾದವು. ಕನ್ನಡಿಗರು ಕೂಡಿ ಮಾಡುವ ಪಟ್ಟಿ ಕದಂಬ, ರಾಷ್ಟ್ರಕೂಟರ ಹೆಸರುಗಳ ಕಡೆಗೆ ವಾಲುವುದು ಸಹಜ, ನನಗೂ ಅದರ ಅಭಿಮಾನವಿದೆ. ಆದರೂ ಅಷ್ಟರಿಂದಲೇ ಒಂದು ಪ್ರದೇಶದ ಮುಖ ಮೂಡುವುದಿಲ್ಲ.

ಪಾತಾಳೇಶ್ವರವನ್ನು ಉಳಿಸಿಕೊಳ್ಳಿ. ಜಂಗಲಿ ಮಹಾರಾಜ ರಸ್ತೆಯ ವಾಹನಗಳ ಗದ್ದಲದಿಂದ ಹತ್ತು ಹೆಜ್ಜೆ ಒಳಗೆ, ನೆಲಮಟ್ಟಕ್ಕಿಂತ ಕೆಳಗೆ, ಎಂಟನೆಯ ಶತಮಾನದಲ್ಲಿ ಒಂದೇ ಬಂಡೆಯನ್ನು ಕೊರೆದು ಮಾಡಿದ ಗುಡಿ ಅದು. ಅಂಗಳದಲ್ಲಿ ನಂದಿಗೆ ದುಂಡನೆಯ ಮಂಟಪವಿದೆ. ದಪ್ಪ ಕಂಬಗಳ ಮೇಲೆ ಕೊಡೆ ಬಿಚ್ಚಿಟ್ಟಂಥ ಕಲ್ಲಿನ ಮಾಡು, ಅದರ ಮೇಲೆ ಇಂದು ಆಲದ ನೆರಳು. ರಾಷ್ಟ್ರಕೂಟ ಒಂದನೆಯ ಕೃಷ್ಣನ 758 ಮತ್ತು 768ರ ತಾಮ್ರಪಟಗಳಲ್ಲಿ ಈ ಸೀಮೆ ‘ಪುಣ್ಯವಿಷಯ’, ‘ಪುಣಕವಿಷಯ’ ಎಂದು ಬಂದಿರುವುದರಿಂದ, ಪುಣೆ ಎಂಬ ಹೆಸರಿನಷ್ಟೇ ಹಳೆಯದು ಈ ಗುಡಿ. ಕೆಲಸ ಅರ್ಧಕ್ಕೆ ನಿಂತ ಗುರುತುಗಳು ಗೋಡೆಯ ಮೇಲೆ ಇನ್ನೂ ಇವೆ. ಚಿತ್ರದಲ್ಲಿ ಆ ದುಂಡು ಮಾಡೊಂದಿದ್ದರೆ ಸಾಕು.

ನಾಣೇಘಾಟ್ ಬಿಟ್ಟು ಅದೇ ಜುನ್ನರ ತಾಲ್ಲೂಕಿನ ಖೋಡದವನ್ನು ಸೇರಿಸಬೇಕೆಂಬುದು ನನ್ನ ಒತ್ತಾಯ. ನಾರಾಯಣಗಾವದಿಂದ ಹೊರಟು ದ್ರಾಕ್ಷಿ ತೋಟಗಳನ್ನೂ ಟೊಮೆಟೊ ಹೊಲಗಳನ್ನೂ ದಾಟಿದರೆ 45 ಮೀಟರ್ ವ್ಯಾಸದ ದೊಡ್ಡ ದೊಡ್ಡ ಬಾಣಲೆಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಅದು ಜಿಎಂಆರ್‌ಟಿ ರೇಡಿಯೋ ದೂರದರ್ಶಕ. ಒಟ್ಟು ಮೂವತ್ತು ಆಂಟೆನಾಗಳು. ಹದಿನಾಲ್ಕು ಮಧ್ಯದಲ್ಲಿ ಒತ್ತಾಗಿವೆ, ಉಳಿದವು ಇಂಗ್ಲಿಷಿನ ವೈ ಅಕ್ಷರದ ಮೂರು ತೋಳುಗಳಂತೆ ಹಳ್ಳಿಹಳ್ಳಿಗಳ ನಡುವೆ ಹರಡಿಕೊಂಡಿವೆ. ಗೋವಿಂದ ಸ್ವರೂಪ್ ಅವರು ಬಾಣಲೆಗಳಿಗೆ ದಪ್ಪ ತಗಡಿನ ಬದಲು ತೆಳು ತಂತಿಯ ಬಲೆಯನ್ನು ಹಗ್ಗದಂಥ ಉಕ್ಕಿನ ಎಳೆಗಳ ಮೇಲೆ ಬಿಗಿದು ಖರ್ಚನ್ನೂ ಭಾರವನ್ನೂ ಇಳಿಸಿದರು. ಗಾಳಿ ಅದರ ಮೂಲಕ ಹಾದುಹೋಗುತ್ತದೆ, ದೂರದಿಂದ ನೋಡಿದರೆ ಅದರ ಮೂಲಕ ಮೋಡವೂ ಕಾಣುತ್ತದೆ. ನಾನು ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಒಮ್ಮೆ ಒಬ್ಬ ಹುಡುಗಿ, ‘ಸರ್, ಇದು ನಮ್ಮಜ್ಜಿಯ ಜರಡಿಯ ಹಾಗಿದೆ’ ಎಂದಳು. ನಮ್ಮ ಚೀಟಿಗೆ ಇದಕ್ಕಿಂತ ಒಳ್ಳೆಯ ಸೂಚನೆ ನನಗೆ ಹೊಳೆಯುತ್ತಿಲ್ಲ.

ಮಾಟುಂಗಾದ ಹಿರಿಯ ಸದಸ್ಯ

ನಾನು ಹೇಳಬೇಕೆಂದಿರುವುದು ಕಲ್ಲಿನದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಮುಂಬೈಗೆ ಬಂದ ನಮ್ಮ ತಲೆಮಾರಿನ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಕೋಟೆಯ (ಫೋರ್ಟ್) ಕಡೆಯ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದೆವು. ಹಗಲು ಬೇರೆ ಮಕ್ಕಳು ಕೂರುವ ಬೆಂಚಿನಲ್ಲಿ ರಾತ್ರಿ ನಾವು ಕೂರುತ್ತಿದ್ದೆವು. ಬೆಂಚು ಚಿಕ್ಕದು, ಮೊಣಕಾಲು ಮೇಲಿನ ಹಲಗೆಗೆ ತಗಲುತ್ತಿತ್ತು. ಕೈಯಿಂದ ಸಾಂಬಾರಿನ ವಾಸನೆ ಹೋಗುತ್ತಿರಲಿಲ್ಲ, ಪುಸ್ತಕಕ್ಕೂ ಅದೇ ವಾಸನೆ. ಅಲ್ಲಿ ಮೆಟ್ರಿಕ್ ಮುಗಿಸಿದವರು ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ಇಟ್ಟರು.

ಅಂಥ ಶಾಲೆಗಳಲ್ಲಿ ಅನೇಕವು ಈಗ ಮುಚ್ಚಿವೆ. ಅಲ್ಲಿ ಓದಿದವರು ಕಣ್ಮರೆಯಾದರೆ ಆ ಜಾಗ ಯಾವುದೆಂದು ತೋರಿಸುವವರೂ ಇರುವುದಿಲ್ಲ. ಹೆಸರು ಕೇಳದ ಜಾಗ ಎಂದರೆ ಕಾಡಿನಲ್ಲೇ ಇರಬೇಕೆಂದಿಲ್ಲವಲ್ಲ. ಎಂಟರಲ್ಲಿ ಒಂದು ಚೀಟಿ ರಾತ್ರಿಶಾಲೆಗೆ ಸಲ್ಲಬೇಕು.

ಪೋಂಡಾದ ಕನ್ನಡ ಶಿಕ್ಷಕಿ

ಗೋವಾದ ಮೂರು ಜಾಗಗಳ ಬಗ್ಗೆ ನಾನೇ ಹೇಳುವುದು ಸರಿಯೆನಿಸುತ್ತದೆ.

ಮೊದಲಿಗೆ ಒಂದು ಕಷ್ಟದ ಮಾತು. ತಾಂಬ್ಡಿ ಸುರ್ಲಾವನ್ನು ಪಟ್ಟಿಯಿಂದ ಬಿಡೋಣ. ಹೇಳುವಾಗ ನನಗೇ ನೋವಾಗುತ್ತದೆ, ಏಕೆಂದರೆ ಕದಂಬರ ಕಾಲದ ಆ ಶಿವಾಲಯದ ಕಂಬವೊಂದರ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುತ್ತಿರುವ ಸಣ್ಣ ಕೆತ್ತನೆಯಿದೆ, ಅದನ್ನು ನಾನು ನೆಲಕ್ಕೆ ಬಾಗಿ ಕುಳಿತು ನೋಡಿದವಳು. ಆದರೂ ಇಂದು ಗೋವಾದ ಪ್ರವಾಸ ಪುಸ್ತಿಕೆಗಳಲ್ಲೆಲ್ಲ ಅದರ ಚಿತ್ರವಿದೆ, ರಜೆಯ ದಿನ ಅಂಗಳದ ತುಂಬ ಜನ. ಕದಂಬರ ಹೆಸರನ್ನು ಗೋವಾದ ಸರ್ಕಾರಿ ಬಸ್ಸುಗಳೇ ದಿನವೂ ಹೊತ್ತು ತಿರುಗುತ್ತಿವೆ. ನಾವೇ ಹಾಕಿಕೊಂಡ ನಿಯಮವನ್ನು ಅಭಿಮಾನಕ್ಕಾಗಿ ಮುರಿಯುವುದು ಬೇಡ.

ಉಸ್ಗಾಳಿಮಳ ಬೇರೆಯೇ ಲೋಕ. ಕುಶಾವತಿ ನದಿಯ ದಂಡೆಯಲ್ಲಿ ಮುರಕಲ್ಲಿನ ಹಾಸಿನ ಮೇಲೆ ಗೂಳಿಗಳು, ಜಿಂಕೆಗಳು, ನವಿಲು, ಕುಣಿಯುವ ಹೆಂಗಸರು, ಒಳಗೊಳಗೆ ಸುತ್ತಿಹೋಗುವ ಒಂದು ಚಕ್ರವ್ಯೂಹ, ಹೀಗೆ ನೂರಕ್ಕೂ ಹೆಚ್ಚು ಗೀರುಚಿತ್ರಗಳಿವೆ. ಊರಿನವರು ಹೇಳಿದ ಮೇಲೆ 1993ರಲ್ಲಿ ಪುರಾತತ್ವದವರ ಕಣ್ಣಿಗೆ ಬಿದ್ದವು. ಕೊಂಕಣದ ಕೆಲವು ಬಂಡೆಚಿತ್ರ ತಾಣಗಳು ಸೇರಿ 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಹೋದಾಗ ರತ್ನಾಗಿರಿ, ಸಿಂಧುದುರ್ಗದ ಜಾಗಗಳೊಂದಿಗೆ ಇದೂ ಸೇರಿತು. ನಡುಮಧ್ಯಾಹ್ನ ಹೋದರೆ ಬರೀ ಕೆಂಪು ಕಲ್ಲು ಕಾಣುತ್ತದೆ. ಸಂಜೆ ಐದರ ಓರೆ ಬಿಸಿಲಿಗೆ ಪ್ರತಿ ಗೀರಿನಲ್ಲೂ ನೆರಳು ತುಂಬಿಕೊಂಡು ಗೂಳಿ ನೆಲದಿಂದ ಎದ್ದು ಬಂದಂತಾಗುತ್ತದೆ. ಚಿತ್ರಕಾರರು ಆ ಹೊತ್ತಿಗೇ ಬರಬೇಕು.

ಇನ್ನು ಕುರ್ಡಿ. ಸಾಲಾವಲಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರು ಅದು. ಜನರನ್ನು ವಾಡ್ಡೆ, ವಾಲ್ಕಿಣಿಗಳಿಗೆ ಕಳುಹಿಸಿದರು, ಹಳೆಯ ಮಹಾದೇವ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಬೇರೆಡೆ ಕಟ್ಟಿದರು. ಪ್ರವಾಸಿಗಳು ಅಣೆಕಟ್ಟಿನ ದುಂಡನೆಯ ಕೋಡಿಯ ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ. ಊರು ಮಾತ್ರ ಪ್ರತಿ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ಮೇಲೆ ಬರುತ್ತದೆ: ಬಿರುಕುಬಿಟ್ಟ ಕೆಸರು, ಮರದ ಮೋಟುಗಳು, ಮನೆಗಳ ಪಾಯ, ಸೋಮೇಶ್ವರನ ಪುಟ್ಟ ಗುಡಿ. ಹಿಂದೂಗಳು ಗುಡಿಯಲ್ಲಿ ಜಾತ್ರೆ ಮಾಡುತ್ತಾರೆ, ಕ್ರೈಸ್ತರು ತಮ್ಮ ಪ್ರಾರ್ಥನಾಲಯದ ಜಾಗದಲ್ಲಿ ಹಬ್ಬ ಮಾಡುತ್ತಾರೆ, ಮಳೆ ಹಿಡಿದರೆ ಎಲ್ಲವೂ ಮತ್ತೆ ನೀರಿನಡಿಗೆ ಹೋಗುತ್ತದೆ. ಗಾಯಕಿ ಮೊಗೂಬಾಯಿ ಕುರ್ಡೀಕರರ ಹೆಸರಿನಲ್ಲಿರುವ ಊರು ಇದೇ. ನಾನು ಹೋದ ವರ್ಷ ಒಬ್ಬ ಅಜ್ಜಿ ತಮ್ಮ ಮನೆಯ ಹೊಸ್ತಿಲೆಂದು ಒಂದು ಕಲ್ಲನ್ನು ತೋರಿಸಿ, ಚಪ್ಪಲಿ ಹೊರಗೆ ಬಿಟ್ಟು ಅದನ್ನು ದಾಟಿದರು. ಒಳಗೆ ಮನೆ ಇರಲಿಲ್ಲ, ಗೋಡೆಯೂ ಇರಲಿಲ್ಲ.

ಮುಲುಂದ್‌ನ ಚಿತ್ರಕಲಾ ಶಿಕ್ಷಕಿ

ಪೋಂಡಾದ ಮೇಡಂ ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಯಾವ ಜಾಗಗಳೆಂಬ ಮಾತು ಸಾಕಷ್ಟಾಗಿದೆ. ನಾನು ರೇಖೆಯ ಬಗ್ಗೆ, ಬಣ್ಣದ ಬಗ್ಗೆ ಹೇಳುತ್ತೇನೆ.

ಚೀಟಿಯ ಅಳತೆಯ ಆರು ಪಟ್ಟು ದೊಡ್ಡದಾಗಿ ಬರೆಯುವುದು ನನ್ನ ರೂಢಿ: 234 ಮಿಲಿಮೀಟರ್ ಅಗಲ, 174 ಮಿಲಿಮೀಟರ್ ಎತ್ತರ. ಎ4 ಹಾಳೆಯಲ್ಲಿ ಅಂಚು ಬಿಟ್ಟು ಸರಿಯಾಗಿ ಕೂರುತ್ತದೆ. ಆದರೆ ಆ ಹಾಳೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಸಣ್ಣ ಗೆರೆ ಎಳೆದರೆ ಚೀಟಿಯಲ್ಲಿ ಅದು ಮಿಲಿಮೀಟರಿನ ಹನ್ನೆರಡನೆಯ ಒಂದು ಭಾಗಕ್ಕಿಂತಲೂ ಕಿರಿದಾಗಿ ಅಳಿದೇಹೋಗುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ಚಿತ್ರವನ್ನು ಕುಗ್ಗಿಸಿ ಮುದ್ರಿಸಿ, ಕತ್ತರಿಸಿ, ನಿಜವಾದ ಲಕೋಟೆಯ ಮೂಲೆಗೆ ಅಂಟಿಸಿ, ತೋಳಿನಳತೆಯ ದೂರದಲ್ಲಿ ಹಿಡಿದು ನೋಡಬೇಕು. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ ಮೆಚ್ಚಿಕೊಂಡ ಚಿತ್ರ ಈ ಪರೀಕ್ಷೆಯಲ್ಲಿ ನಿಲ್ಲುವುದು ಅಪರೂಪ.

ಎಂಟೂ ಚಿತ್ರಗಳನ್ನು ಒಂದೇ ಮನೆತನದವುಗಳಂತೆ ಹಿಡಿದಿಡುವ ಶೈಲಿ ಯಾವುದು? ನಾನು ಕಾವಿ ಕಲೆಯನ್ನು ಸೂಚಿಸುತ್ತೇನೆ. ಗೋವಾದಲ್ಲೂ ಸಿಂಧುದುರ್ಗದಲ್ಲೂ ನಮ್ಮ ಉತ್ತರ ಕನ್ನಡದಲ್ಲೂ ಹಳೆಯ ದೇವಾಲಯಗಳ, ಮನೆಗಳ ಗೋಡೆಗಳ ಮೇಲೆ ಇದನ್ನು ಕಾಣಬಹುದು. ಚಿಪ್ಪು ಸುಟ್ಟ ಸುಣ್ಣದ ಗಾರೆಯನ್ನು ಗೋಡೆಗೆ ಮೆತ್ತಿ, ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ ಬಳಿದು, ಅದು ಇನ್ನೂ ಹಸಿ ಇರುವಾಗಲೇ ಕಂಟವೆಂಬ ಚೂಪಾದ ಕಡ್ಡಿಯಿಂದ ಗೀರುತ್ತಾರೆ. ಗೀರಿದಲ್ಲಿ ಕೆಂಪು ಹೋಗಿ ಕೆಳಗಿನ ಬಿಳುಪು ಕಾಣುತ್ತದೆ. ಬಿಳಿಯನ್ನು ಯಾರೂ ಬಳಿಯುವುದಿಲ್ಲ. ಅದು ಮೊದಲೇ ಅಲ್ಲಿರುತ್ತದೆ, ಕೆಂಪನ್ನು ತೆಗೆದು ತೋರಿಸುವುದಷ್ಟೇ ಕಲಾವಿದರ ಕೆಲಸ.

ಇದನ್ನು ನಾನು ಹೇಳಲು ಒಂದು ಪೆಟ್ಟು ತಿಂದ ಅನುಭವವೂ ಕಾರಣ. ಕೆಲವು ವರ್ಷಗಳ ಹಿಂದೆ ಪರಿಚಯದವರ ಸಮಾರಂಭಕ್ಕೆಂದು ಕಾವಿ ಶೈಲಿಯ ಶುಭಾಶಯ ಪತ್ರ ಬರೆದುಕೊಟ್ಟೆ. ಮುದ್ರಣಾಲಯದವರು ಆ ಕೆಂಪನ್ನು ನಾಲ್ಕು ಶಾಯಿಗಳನ್ನು ಬೆರೆಸಿ ಮಾಡಿದರು. ಶಾಯಿಗಳು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದವು. ಬಿಳಿ ಗೆರೆಗಳೊಳಗೆ ಒಂದು ಕಡೆ ಹಳದಿ, ಇನ್ನೊಂದು ಕಡೆ ಗುಲಾಬಿ ಇಣುಕಿ, ಸಣ್ಣ ಗೆರೆಗಳು ಮುಚ್ಚಿಯೇ ಹೋದವು. ಐನೂರು ಪ್ರತಿಗಳು ಹಾಗೇ ಹಂಚಿಕೆಯಾದವು. ಇಂದಿಗೂ ಅದನ್ನು ಯಾರ ಮನೆಯಲ್ಲಾದರೂ ಕಂಡರೆ ನನಗೆ ಸಂಕಟವಾಗುತ್ತದೆ. ಆಮೇಲೆ ತಿಳಿದದ್ದೇನೆಂದರೆ, ಕೆಮ್ಮಣ್ಣಿನ ಬಣ್ಣವನ್ನು ಮೊದಲೇ ಕಲಸಿದ ಒಂದೇ ಶಾಯಿಯಲ್ಲಿ ಮುದ್ರಿಸಿದರೆ ಸರಿಯುವ ಮಾತೇ ಇಲ್ಲ. ಗೋಡೆಯಲ್ಲಿ ಸುಣ್ಣ ಮಾಡುವ ಕೆಲಸವನ್ನು ಚೀಟಿಯಲ್ಲಿ ಕಾಗದ ಮಾಡುತ್ತದೆ, ಕೆಮ್ಮಣ್ಣಿನ ಕೆಲಸವನ್ನು ಆ ಒಂದೇ ಶಾಯಿ ಮಾಡುತ್ತದೆ.

ಗಿಲ್ಬರ್ಟ್ ಗುಡ್ಡದ ಕಂಬಗಳಿಗೆ ನೇರ ಗೀರುಗಳು, ಪಾತಾಳೇಶ್ವರದ ಮಾಡಿಗೆ ಒಂದು ದೊಡ್ಡ ವೃತ್ತ, ಖೋಡದದ ಜರಡಿಗೆ ಬಲೆಯ ಗೀರುಗಳು, ಉಸ್ಗಾಳಿಮಳಕ್ಕಂತೂ ಆ ಕಲ್ಲಿನ ಗೀರುಗಳೇ ಸಾಕು. ರಾತ್ರಿಶಾಲೆಗೆ ಚೀಟಿ ಪೂರ್ತಿ ಕೆಂಪಿನ ಕತ್ತಲಾಗಿ, ಕಟ್ಟಡದ ಒಂದು ಅಂತಸ್ತಿನ ಕಿಟಕಿಗಳ ಸಾಲು ಮಾತ್ರ ಬಿಳಿಯಾಗಿ ಬೆಳಗಬಹುದು. ಹಿರಿಯರೇ, ನೀವು ಹೇಳಿದ ಶಾಲೆಯನ್ನು ನಾನೇ ಬರೆಯಲು ಅನುಮತಿ ಕೊಡಿ.

ಮಾಟುಂಗಾದ ಹಿರಿಯ ಸದಸ್ಯ

ಮಗಳೇ, ಅನುಮತಿ ಕೇಳಬೇಕೇ? ಬಾಗಿಲ ಹತ್ತಿರ ಒಂದಿಷ್ಟು ಚಪ್ಪಲಿಗಳನ್ನು ಬರೆಯಿರಿ. ನಾವು ಮೆಟ್ಟಿಲ ಕೆಳಗೇ ಬಿಟ್ಟು ಹತ್ತುತ್ತಿದ್ದೆವು.

ಠಾಣೆಯ ನಿವೃತ್ತ ಅಂಚೆ ನೌಕರ

ಒಂದೇ ಶಾಯಿಯ ವಿಚಾರದಲ್ಲಿ ಒಂದು ಮಾತು. ಮೈ ಸ್ಟಾಂಪ್ ಹಾಳೆಯಲ್ಲಿ ಶಾಯಿಯ ಆಯ್ಕೆ ನಮ್ಮ ಕೈಯಲ್ಲಿ ಇರುವುದಿಲ್ಲ. ಲಕೋಟೆಯನ್ನು ನಾವೇ ಮುದ್ರಿಸಿ ಕೊಡುವುದಾದರೆ ಮುದ್ರಣಾಲಯದಲ್ಲಿ ನಿಂತು ಶಾಯಿ ಕಲಸಿಸಬಹುದು. ಆದ್ದರಿಂದ ಕಾವಿ ಶೈಲಿಯೇ ನಿಶ್ಚಯವಾದರೆ ಮೊದಲ ಹೆಜ್ಜೆ ವಿಶೇಷ ಲಕೋಟೆಯೇ ಆಗಲಿ. ಠಸ್ಸೆಯ ವಿನ್ಯಾಸವೂ ಗೆರೆಗಳದ್ದೇ ಆಗಿರುವುದರಿಂದ ಇದೇ ಶೈಲಿ ಅದಕ್ಕೂ ಹೊಂದುತ್ತದೆ.

ಅಂಧೇರಿಯ ಗೃಹಿಣಿ

ನನ್ನದೊಂದು ಆತಂಕ. ಎಲ್ಲವನ್ನೂ ಕೆಂಪು ಬಿಳಿಯಲ್ಲಿ ಬರೆದರೆ ಗುಡ್ಡದ ಕಪ್ಪು ಎಲ್ಲಿ ಹೋಗುತ್ತದೆ? ಕರಾವಳಿಯ ಮುರಕಲ್ಲಿಗೆ ಕೆಂಪು ಸಹಜ. ದಖ್ಖನ್ನಿನ ಕಲ್ಲು ಕಪ್ಪು. ಗೋವಾದ ಶೈಲಿ ಮುಂಬೈ, ಪುಣೆಗಳ ಮೇಲೆ ಹೇರಿದಂತಾಗಬಾರದು.

ಮುಲುಂದ್‌ನ ಚಿತ್ರಕಲಾ ಶಿಕ್ಷಕಿ

ಅಕ್ಕ, ನೀವು ಹೇಳಿದ್ದು ನ್ಯಾಯ, ನಾನು ಅದನ್ನು ಯೋಚಿಸಿರಲಿಲ್ಲ. ತಂತ್ರ ಒಂದೇ ಇರಲಿ, ಶಾಯಿ ಎರಡಾಗಲಿ. ಮುರಕಲ್ಲಿನ ಸೀಮೆಗೆ ಕೆಮ್ಮಣ್ಣು. ಘಟ್ಟದ ಕಪ್ಪು ಕಲ್ಲಿನ ಸೀಮೆಗೆ ನೀಲಿ ಬೆರೆತ ಕಪ್ಪು. ಒಂದೊಂದು ಚೀಟಿಗೆ ಒಂದೊಂದೇ ಶಾಯಿ. ಎಂಟನ್ನೂ ಹರಡಿ ಇಟ್ಟರೆ ಈ ಪ್ರದೇಶದ ನೆಲದ ಬಣ್ಣ ಎಲ್ಲಿ ಬದಲಾಗುತ್ತದೆಂಬುದೂ ಕಾಣುತ್ತದೆ. ಕಿಟಕಿಯ ಬೆಳಕು ಕಪ್ಪಿನ ಮೇಲೆ ಇನ್ನೂ ಚೆನ್ನಾಗಿ ಬೀಳುವುದರಿಂದ ರಾತ್ರಿಶಾಲೆಯೂ ಆ ಕಡೆಗೇ ಬರುತ್ತದೆ.

ಡೊಂಬಿವಲಿಯ ಚಿತ್ರಕಾರ

ನಾಲ್ಕು ದಿನಗಳಿಂದ ಎಲ್ಲವನ್ನೂ ಓದಿ, ಬರೆದು, ಅಳಿಸಿ, ಈಗ ನನ್ನ ತೀರ್ಮಾನವನ್ನು ಮುಂದಿಡುತ್ತಿದ್ದೇನೆ.

ನಾಣೇಘಾಟ್ ಮತ್ತು ತಾಂಬ್ಡಿ ಸುರ್ಲಾ ಬಿಟ್ಟೆ. ಅಂಬರನಾಥವನ್ನೂ ಬಿಡಬೇಕಾಗಿದೆ. ನನ್ನ ಮನೆಯಿಂದ ಲೋಕಲ್ ರೈಲಿನಲ್ಲಿ ಕೆಲವೇ ನಿಲ್ದಾಣಗಳ ದೂರದಲ್ಲಿ, ಶಿಲಾಹಾರರ ಕಾಲದಲ್ಲಿ 1060ರಲ್ಲಿ ಕಟ್ಟಿದ ಗುಡಿ ಅದು. ಗರ್ಭಗುಡಿಗೆ ಸುಮಾರು ಇಪ್ಪತ್ತು ಮೆಟ್ಟಿಲು ಕೆಳಗಿಳಿಯಬೇಕು, ತಲೆಯೆತ್ತಿದರೆ ಶಿಖರವಿಲ್ಲದೆ ಆಕಾಶ ಕಾಣುತ್ತದೆ. ಐದು ಬಾರಿ ಕರಡು ಬರೆದೆ. ಹೊರಗೋಡೆಯ ಕೆತ್ತನೆಗಳೆಲ್ಲ 39 ಮಿಲಿಮೀಟರಿನಲ್ಲಿ ಒಂದು ಗೋಜಲಾದವು. ಒಳಗಿನ ಆಕಾಶವನ್ನು ಬರೆದರೆ ಅದು ಬಾವಿಯಂತೆ ಕಂಡಿತು. ಗುಡಿಯ ಹಿರಿಮೆಗೆ ಕುಂದಿಲ್ಲ, ಈ ಅಳತೆಯಲ್ಲಿ ಅದನ್ನು ಹಿಡಿಯುವ ಶಕ್ತಿ ನನ್ನ ಕೈಗಿಲ್ಲ.

ಕಾನ್ಹೇರಿಯಲ್ಲಿ ಶಾಸನವನ್ನು ಮಾತ್ರ ಬರೆಯುವ ವಿಚಾರವನ್ನು ಬದಲಿಸಿದ್ದೇನೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಹೆಸರನ್ನು ಹೇಳುವ ಶಾಸನಗಳು ಮುಂಬೈಯ ಈ ಗುಡ್ಡದಲ್ಲಿವೆ ಎಂಬುದು ನಮಗೆ ರೋಮಾಂಚನದ ಸಂಗತಿ. ಆದರೆ ಚೀಟಿಯಲ್ಲಿ ಅಕ್ಷರಗಳು ಓದಲು ಬರುವುದಿಲ್ಲ. ಕಳೆದ ಭಾನುವಾರ ಮಳೆಯಲ್ಲಿ ಬೊರಿವಲಿಯಿಂದ ಅಲ್ಲಿಗೆ ಹೋದೆ. ಭಿಕ್ಷುಗಳು ಬಂಡೆಯ ಮೇಲೆ ಕೊರೆದ ಬೆರಳಗಲದ ಕಾಲುವೆಗಳಲ್ಲಿ ನೀರು ಇನ್ನೂ ಅವರು ಹೇಳಿದ ದಾರಿಯಲ್ಲೇ ಹರಿದು ಗುಹೆಯ ಪಕ್ಕದ ತೊಟ್ಟಿಗೆ ಬೀಳುತ್ತಿತ್ತು. ಹಳೆಯ ದಾನಶಾಸನಗಳಲ್ಲಿ ಈ ತೊಟ್ಟಿಗಳಿಗೆ ‘ಪಾನೀಯ ಪೋಢಿ’ ಎಂಬ ಹೆಸರಿದೆ. ಮೆಟ್ಟಿಲು, ಕಾಲುವೆ, ತೊಟ್ಟಿ ಇಷ್ಟನ್ನೇ ಬರೆಯುತ್ತೇನೆ. ನೃಪತುಂಗನ ಮಾತು ಚೀಟಿಯೊಂದಿಗಿನ ಪರಿಚಯ ಪತ್ರದಲ್ಲಿ ಬರಲಿ.

ಹೀಗೆ ಕಪ್ಪಿನಲ್ಲಿ ಗಿಲ್ಬರ್ಟ್ ಗುಡ್ಡ, ರಾತ್ರಿಶಾಲೆ, ಕಾನ್ಹೇರಿಯ ತೊಟ್ಟಿ, ಪಾತಾಳೇಶ್ವರ, ಖೋಡದ. ಕೆಂಪಿನಲ್ಲಿ ಉಸ್ಗಾಳಿಮಳ ಮತ್ತು ಕುರ್ಡಿ. ಏಳಾಯಿತು. ಎಂಟನೆಯದೂ ಕುರ್ಡಿಯೇ ಆಗಬೇಕೆಂದು ನನ್ನ ಮನಸ್ಸು ಹೇಳುತ್ತಿದೆ. ಎರಡು ಚೀಟಿಗಳನ್ನು ಅಕ್ಕಪಕ್ಕದಲ್ಲಿ ಜೋಡಿಯಾಗಿ ಮುದ್ರಿಸಿ, ದಿಗಂತದ ಗೆರೆ ಒಂದರಿಂದ ಇನ್ನೊಂದಕ್ಕೆ ಮುರಿಯದೆ ಹಾಯುವಂತೆ ಬರೆಯೋಣ. ಎಡಗಡೆ ಮಳೆಗಾಲ, ಬರೀ ನೀರು. ಬಲಗಡೆ ಮೇ ತಿಂಗಳು, ಪಾಯಗಳು, ಗುಡಿ, ಜನ. ಕಾಗದ ಹರಿಯಲು ಮಾಡಿದ ತೂತುಗಳ ಸಾಲು ಸರಿಯಾಗಿ ನೀರಿನ ಅಂಚಿನಲ್ಲಿ ಇಳಿಯಲಿ. ಠಾಣೆಯವರು ಎಚ್ಚರಿಸಿದ ಎಡಮೂಲೆಯ ಠಸ್ಸೆ ಬೀಳುವುದೂ ಆಗ ನೀರಿನ ಮೇಲೆಯೇ. ಜೋಡಿಯನ್ನು ಹರಿದು ಎರಡು ಲಕೋಟೆಗಳಿಗೆ ಹಚ್ಚಿದರೆ ಒಬ್ಬರಿಗೆ ನೀರು ತಲುಪುತ್ತದೆ, ಇನ್ನೊಬ್ಬರಿಗೆ ಊರು.

ಪೋಂಡಾದ ಮೇಡಂ, ಆ ಅಜ್ಜಿಯ ಹೊಸ್ತಿಲಿನ ಕಲ್ಲನ್ನು ನಾನು ಕಣ್ಣಾರೆ ನೋಡಬೇಕು.

ಪೋಂಡಾದ ಕನ್ನಡ ಶಿಕ್ಷಕಿ

ಅವಶ್ಯವಾಗಿ ಬನ್ನಿ. ಈಗ ಬಂದರೆ ಎಡಗಡೆಯ ಚೀಟಿಯನ್ನು ಮಾತ್ರ ಬರೆಯಬಹುದು, ಜಲಾಶಯ ತುಂಬುತ್ತಿದೆ. ಬಲಗಡೆಯದಕ್ಕೆ ಮೇ ತಿಂಗಳ ಮೂರನೆಯ ವಾರದವರೆಗೆ ಕಾಯಬೇಕಾಗುತ್ತದೆ. ಮಡಗಾಂವ್ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಕೆಸರಿನಲ್ಲಿ ನಡೆಯಲು ಹಳೆಯ ಚಪ್ಪಲಿ ತನ್ನಿ. ಹೊಸ್ತಿಲಿನ ಹತ್ತಿರ ಅದನ್ನೂ ಬಿಡಬೇಕಾಗುತ್ತದೆ.